ಎಲ್ಲರೂ ಇಳಿದ ಮೇಲೆ ಹಡಗು ನಮ್ಮದು

"ಅಷ್ಟು ದುಡ್ಡು ಕೊಟ್ಟು ಹೋಗಿ, ರೋಮ್ ಬಾಗಿಲಲ್ಲಿ ಹಡಗು ನಿಂತಾಗ ನೀವು ಈಜುಕೊಳದಲ್ಲಿ ಕೂತಿರ್ತೀರೇನಮ್ಮಾ?" ಎಂದು ನಮ್ಮ ಭಾವ ಕೇಳಿದ್ದರು. ನಾದಿನಿ ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಆದರೆ ಅವಳ ಮುಖದಲ್ಲೂ ಅದೇ ಪ್ರಶ್ನೆ ಇತ್ತು. ಈಗ ಅದೇ ಭಾವ ಮುಂದಿನ ಪ್ರಯಾಣದ ಬಂದರುಗಳ ಪಟ್ಟಿ ಕಳಿಸಿ, "ಎಲ್ಲಿ ಇಳೀಬೇಕು, ಎಲ್ಲಿ ಬೇಡ, ನೀನೇ ಗುರುತು ಹಾಕಿ ಕೊಡು" ಅಂತಾರೆ. ಬರೆಯೋಣ ಅನ್ನಿಸಿದ್ದು ಅದಕ್ಕೇ. ಒಮ್ಮೆಯಾದರೂ ಸಂಸಾರ ಕಟ್ಟಿಕೊಂಡು ಕ್ರೂಸ್‌ಗೆ ಹೋಗಿಬಂದವರಿಗೆ ಇದು. ಕ್ಯಾಬಿನ್ ದರ್ಜೆ, ಆ್ಯಪ್, ಚೆಕ್‌ಇನ್ ಎಲ್ಲ ನಿಮಗೆ ಗೊತ್ತೇ ಇರುತ್ತದೆ, ಅದನ್ನು ವಿವರಿಸುವುದಿಲ್ಲ.

ನನ್ನ ಲೆಕ್ಕ ಇಷ್ಟೇ. ಟಿಕೆಟ್ಟಿನ ದುಡ್ಡು ಹೋಗುವುದು ಹಡಗಿಗೆ, ಬಂದರಿಗಲ್ಲ. ಆ ಹಡಗು ಸಾವಿರಾರು ಜನರಿಂದ ಗಿಜಿಗುಡುವುದು ಸಮುದ್ರದಲ್ಲೇ ಇರುವ ದಿನಗಳಲ್ಲಿ, ಖಾಲಿಯಾಗುವುದು ಬಂದರಿನಲ್ಲಿ. ಹಾಗಾದರೆ ಜನ ಇಳಿದಾಗ ನಾವು ಹಡಗನ್ನು ಅನುಭವಿಸಬೇಕು, ಜನ ತುಂಬಿದಾಗ ಮೂಲೆ ಹಿಡಿಯಬೇಕು. ಜೊತೆಗೆ ಎಲ್ಲರೂ ಎಲ್ಲ ಹೊತ್ತೂ ಒಟ್ಟಿಗಿರಬೇಕೆಂಬ ಹಟ ಬಿಟ್ಟು ರಾತ್ರಿಯ ಊಟವೊಂದನ್ನೇ ಕಡ್ಡಾಯ ಮಾಡಬೇಕು.

ಇದಕ್ಕೂ ಮೊದಲು ಬೇರೆ ದಾರಿಗಳನ್ನೆಲ್ಲ ನೋಡಿಯಾಗಿತ್ತು. ಪ್ರತಿ ಬಂದರಿನಲ್ಲೂ ಹಡಗಿನವರದೇ ಟೂರ್ ಕೊಂಡಿದ್ದೆವು. ನಾಲ್ಕು ಜನಕ್ಕೆ ಅದರ ಖರ್ಚು ನಮ್ಮ ಟಿಕೆಟ್ಟಿನ ಮೂರನೇ ಒಂದು ಭಾಗ ದಾಟಿತ್ತು. ಮಕ್ಕಳಿಗೆ ನೆನಪಿರುವುದು ಬಸ್ಸಿನ ಕಿಟಕಿ ಮಾತ್ರ. ಇನ್ನೊಮ್ಮೆ ಟೂರ್ ಬಿಟ್ಟು ನಾವೇ ಟ್ಯಾಕ್ಸಿ ಹಿಡಿದು ಓಡಾಡಿದೆವು. ಖರ್ಚು ಕಡಿಮೆಯಾಯಿತು, ಆದರೆ ಮಧ್ಯಾಹ್ನ ಮೂರರಿಂದಲೇ ಗಡಿಯಾರ ನೋಡುವ ಆತಂಕ. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ನಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಆಮೇಲೆ ಎಲ್ಲರಿಗೂ ಸೇರಿ ಒಂದು ದೊಡ್ಡ ಸೂಟ್ ತೆಗೆದುಕೊಂಡು ನೋಡಿದೆವು. ಮೂರನೇ ದಿನಕ್ಕೇ ಅತ್ತೆಗೆ ನಿದ್ದೆಯಿಲ್ಲ, ಮಾವನಿಗೆ ಸಿಟ್ಟು. ಅಷ್ಟು ದುಡ್ಡಿಗೂ ಬಾತ್‌ರೂಮಿನ ಮುಂದೆ ಸಾಲು ತಪ್ಪಲಿಲ್ಲ.

ಕ್ಯಾಬಿನ್ ವಿಚಾರದಲ್ಲಿ ಕೊನೆಗೆ ಕೈಹಿಡಿದದ್ದು ಇದು: ನಮ್ಮಿಬ್ಬರಿಗೆ ಬಾಲ್ಕನಿ ಇರುವ ಒಂದು ಕ್ಯಾಬಿನ್, ಕಾರಿಡಾರಿನಲ್ಲಿ ಅದರ ಎದುರಿಗೇ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಮಕ್ಕಳಿಗೆ. ಕಂಪನಿಗಳು ಪ್ರತಿ ಕ್ಯಾಬಿನ್ನಿಗೂ ಒಬ್ಬ ದೊಡ್ಡವರ ಹೆಸರು ಕೇಳುವುದು ಸಾಮಾನ್ಯ. ಆದ್ದರಿಂದ ಬುಕಿಂಗಿನಲ್ಲಿ ಒಂದೊಂದರಲ್ಲಿ ಒಬ್ಬೊಬ್ಬ ದೊಡ್ಡವರು, ಒಂದೊಂದು ಮಗು. ಹಡಗು ಹತ್ತಿದ ಮೇಲೆ ಕೌಂಟರಿನಲ್ಲಿ ಕೇಳಿ ಎರಡೂ ಕ್ಯಾಬಿನ್ನಿನ ಕೀ ಕಾರ್ಡ್ ಮಾಡಿಸಿಕೊಂಡರಾಯಿತು. ಫ್ಯಾಮಿಲಿ ಸೂಟಿಗೆ ಹೋಲಿಸಿದರೆ ನಮಗೆ ಸುಮಾರು ಕಾಲುಭಾಗ ಉಳಿಯಿತು, ಬಾತ್‌ರೂಮೂ ಎರಡಾಯಿತು. ಮೂರನೇ, ನಾಲ್ಕನೇ ಹಾಸಿಗೆಗೆ ದರ ಕಡಿಮೆ ಎಂದು ನಾಲ್ವರನ್ನೂ ಒಂದೇ ಬಾಲ್ಕನಿ ಕ್ಯಾಬಿನ್ನಿಗೆ ತುರುಕುವವರಿದ್ದಾರೆ. ದುಡ್ಡು ಇನ್ನೂ ಕಡಿಮೆಯಾಗುವುದು ನಿಜ. ಆದರೆ ಚಿಕ್ಕವಳು ಎಂಟೂವರೆಗೆ ಮಲಗಿದಳೆಂದರೆ ಉಳಿದ ಮೂವರೂ ಕತ್ತಲಲ್ಲಿ ಪಿಸುಗುಟ್ಟಿಕೊಂಡು ಕೂರಬೇಕು. ಅದು ರಜೆಯಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳಗಾದದ್ದು ಗೊತ್ತಾಗದೆ ಮಕ್ಕಳು ಏಳೂವರೆಯವರೆಗೆ ಮಲಗಿದ್ದು ನನಗೆ ಸಿಕ್ಕ ದೊಡ್ಡ ಲಾಭ.

ಜಾಗ ಆರಿಸುವಾಗ ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇರುವ ಡೆಕ್ಕನ್ನೇ, ಅಂದರೆ ಹಡಗಿನ ಅಂತಸ್ತನ್ನೇ, ನೋಡಿ. ಈಜುಕೊಳದ ಡೆಕ್ಕಿನ ಕೆಳಗೆ ಸಿಕ್ಕಿಕೊಂಡರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು ನೇರ ತಲೆಯ ಮೇಲೆ. ಮುಂಭಾಗದಲ್ಲಿದ್ದರೆ ಲಂಗರಿನ ಸರಪಳಿ ಎಬ್ಬಿಸುತ್ತದೆ. ಸಮುದ್ರದ ಅಲುಗಾಟಕ್ಕೆ ವಾಂತಿ ಬರುವವರಿದ್ದರೆ ಹಡಗಿನ ನಡುಭಾಗ, ಕೆಳಗಿನ ಡೆಕ್ಕು. ಅತ್ತೆ, ಮಾವನಿಗೆ ಅಲ್ಲೇ ಕೊಡಿಸಿದೆ, ಅತ್ತೆ ಒಂದು ಮಾತ್ರೆಯನ್ನೂ ಮುಟ್ಟಲಿಲ್ಲ. ಎದುರು ಬದುರಿನ ಜೋಡಿ ಕ್ಯಾಬಿನ್ನುಗಳು ಯಾವ ಡೆಕ್ಕಿನಲ್ಲಿ, ಯಾವ ತಿರುವಿನಲ್ಲಿ ಸುಲಭವಾಗಿ ಸಿಗುತ್ತವೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಮುಂದಿನ ಸಲ ನನಗೂ ಬೇಕು.

ಇನ್ನು ಬಂದರುಗಳು. ಪಶ್ಚಿಮ ಮೆಡಿಟರೇನಿಯನ್ನಿನ ಏಳು ರಾತ್ರಿಯ ಸುತ್ತನ್ನೇ ತೆಗೆದುಕೊಳ್ಳಿ. ನನ್ನ ಪರೀಕ್ಷೆ ಒಂದೇ: ಗ್ಯಾಂಗ್‌ವೇ (ಹಡಗಿನಿಂದ ದಡಕ್ಕಿಳಿಯುವ ಹಲಗೆ ಸೇತುವೆ) ಇಳಿದು ಮಗುವಿನ ಕೈಹಿಡಿದು ನಡೆದರೆ ಸುಮಾರು ಇಪ್ಪತ್ತು ನಿಮಿಷದಲ್ಲಿ ನೋಡುವಂಥದ್ದು ಏನಾದರೂ ಸಿಗುತ್ತದೆಯೇ? ನೇಪಲ್ಸ್ ಇದರಲ್ಲಿ ಪಾಸು. ಹಡಗು ಊರಿನ ಎದೆಗೇ ಬಂದು ನಿಲ್ಲುತ್ತದೆ. ಟರ್ಮಿನಲ್ಲಿನ ಎದುರಿಗೇ ಕ್ಯಾಸ್ಟೆಲ್ ನುವೊವೊ ಕೋಟೆ, ಇನ್ನೂ ಸ್ವಲ್ಪ ನಡೆದರೆ ಗಾಜಿನ ಗುಮ್ಮಟದ ಗಲೇರಿಯಾ ಉಂಬೆರ್ತೊ. ಜಿನೋವಾವೂ ಪಾಸು. ಕ್ರೂಸ್ ಟರ್ಮಿನಲ್ಲಿನಿಂದ ನೀರಿನ ಬದಿಯಲ್ಲೇ ನಡೆದರೆ ಹಳೆಯ ಬಂದರು, ಅಲ್ಲೇ 1992ರಲ್ಲಿ ತೆರೆದ ದೊಡ್ಡ ಅಕ್ವೇರಿಯಂ. ಅಲ್ಲಿ ರೇ ಮೀನುಗಳನ್ನು ಮುಟ್ಟಿ ನೋಡಬಹುದಾದ ತೆರೆದ ತೊಟ್ಟಿಯೊಂದಿದೆ. ಚಿಕ್ಕವಳು ಎರಡು ಬೆರಳನ್ನಷ್ಟೇ ನೀರಿಗಿಟ್ಟು, ಉಸಿರು ಬಿಗಿಹಿಡಿದು, ಮೀನು ತಾನಾಗಿಯೇ ಬಂದು ಬೆನ್ನು ಸವರಿಕೊಂಡು ಹೋಗುವವರೆಗೆ ಕಾದಳು. ತೋಳು ಮೊಣಕೈವರೆಗೆ ಒದ್ದೆ. ಅಲ್ಲಿಂದ ಎಬ್ಬಿಸಲು ಅರ್ಧ ಗಂಟೆ ಬೇಕಾಯಿತು, ನಾವು ಎಬ್ಬಿಸಲೂ ಹೋಗಲಿಲ್ಲ. ಮರಳಿ ಓಡುವ ಬಸ್ಸು ಇಲ್ಲದಿದ್ದರೆ ಸಿಗುವ ಸುಖ ಅದು.

ಚಿವಿತಾವೆಕ್ಕಿಯಾ ಫೇಲು. ಪಟ್ಟಿಯಲ್ಲಿ 'ರೋಮ್' ಎಂದೇ ಬರೆದಿರುತ್ತಾರೆ, ಆದರೆ ರೋಮ್ ಅಲ್ಲಿಂದ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಬಂದರಿನೊಳಗಿನ ಬಸ್ಸು, ಅಲ್ಲಿಂದ ಸ್ಟೇಷನ್, ಅಲ್ಲಿಂದ ಒಂದು ಗಂಟೆ ಹತ್ತಿರದ ರೈಲು, ಸಂಜೆ ಅದೇ ದಾರಿ ವಾಪಸ್ಸು. ಲಿವೋರ್ನೋದಿಂದ ಫ್ಲಾರೆನ್ಸ್‌ಗೂ ತೊಂಬತ್ತು ಕಿಲೋಮೀಟರ್ ಆಸುಪಾಸು. ಮಾರ್ಸೇಯಲ್ಲಿ ಟರ್ಮಿನಲ್ ಊರಾಚೆ, ಹಳೆಯ ಬಂದರಿಗೆ ಬಸ್ಸೇ ಗತಿ. ಈ ಮೂರರಲ್ಲೂ ನಾವು ಇಳಿಯುವುದಿಲ್ಲ.

ಹಾಗೆಂದು ರೋಮ್ ನೋಡದೇ ಬರುವುದೇ? ಮಾವನ ಆಕ್ಷೇಪ ಇದೇ ಆಗಿತ್ತು, ನ್ಯಾಯವಾದದ್ದೂ ಹೌದು. ಅದಕ್ಕೆ ಉಪಾಯ ಹಡಗಿನ ಹೊರಗಿದೆ. ಈ ಸುತ್ತು ಹೊಡೆಯುವ ಹಡಗುಗಳಲ್ಲಿ ಕೆಲವನ್ನು ಒಂದಕ್ಕಿಂತ ಹೆಚ್ಚು ಬಂದರಿನಲ್ಲಿ ಹತ್ತಬಹುದು, ಹತ್ತುವ ಬಂದರಿನ ಮೇಲೆ ದರವೂ ಬದಲಾಗುತ್ತದೆ. ನಾವು ಚಿವಿತಾವೆಕ್ಕಿಯಾದಲ್ಲೇ ಹತ್ತಿದೆವು. ಎರಡು ದಿನ ಮುಂಚೆ ರೋಮ್‌ಗೆ ಹೋಗಿ ಉಳಿದು, ಕೊಲೊಸಿಯಮ್ಮನ್ನು ಮಾವ ಬೆಳಗಿನ ಹೊತ್ತು ನಿಧಾನವಾಗಿ ನಡೆದು ನೋಡಿದರು. ವಿಮಾನ ತಡವಾದರೂ ಹಡಗು ತಪ್ಪುವ ಭಯವಿಲ್ಲ. ಆ ಎರಡು ರಾತ್ರಿಯ ಹೋಟೆಲ್ ಖರ್ಚು, ಎಲ್ಲರೂ ಹಡಗಿನ ರೋಮ್ ಟೂರ್ ಕೊಂಡಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚೇನೂ ಆಗಲಿಲ್ಲ. ನೋಡಲೇಬೇಕಾದ ಊರಿದ್ದರೆ ಅಲ್ಲಿಂದಲೇ ಹತ್ತಬೇಕು ಎನ್ನುವುದು ಈಗ ನಮ್ಮ ಮನೆಯ ನಿಯಮ.

ಬಂದರಿನ ದಿನ ಹಡಗಲ್ಲಿ ಉಳಿದರೆ ಏನಾಗುತ್ತದೆ ಎಂದು ಕೇಳುವವರಿಗೆ: ಬೆಳಿಗ್ಗೆ ಒಂಬತ್ತೂವರೆಗೆಲ್ಲ ಲಿಫ್ಟುಗಳು ಖಾಲಿ. ಹಿಂದಿನ ದಿನ ನೀರಿನ ಜಾರುಬಂಡೆಗೆ ಮುಕ್ಕಾಲು ಗಂಟೆ ಕಾದಿದ್ದ ದೊಡ್ಡವನು ಅವತ್ತು ಇಳಿದು, ಒದ್ದೆ ಕಾಲಲ್ಲೇ ಮೆಟ್ಟಿಲು ಹತ್ತಿ, ಮತ್ತೆ ಇಳಿದ. ಸಾಕು ಎಂದು ಅವನ ಬಾಯಿಂದಲೇ ಬರುವವರೆಗೆ ಅದೇ ನಡೆಯಿತು. ಮಕ್ಕಳ ಕ್ಲಬ್ಬಿನಲ್ಲಿ ನಾಲ್ಕೈದು ಮಕ್ಕಳು, ಹಾಗಾಗಿ ನೋಡಿಕೊಳ್ಳುವವರಿಗೆ ಪ್ರತಿ ಮಗುವಿನ ಹೆಸರೂ ಬಾಯಲ್ಲಿ. ಸ್ಪಾದಲ್ಲಿ ಬಂದರು ದಿನದ ರಿಯಾಯಿತಿ ಬೇರೆ. ಮಧ್ಯಾಹ್ನ ಮೂರೂವರೆಯಾಗುತ್ತಿದ್ದಂತೆ ಜನ ಬಿಸಿಲಿಗೆ ಬಾಡಿ ವಾಪಸ್ಸು ಬರುತ್ತಾರೆ. ಅಷ್ಟರಲ್ಲಿ ನಾವು ಸ್ನಾನ ಮುಗಿಸಿ ಮಲಗಿರುತ್ತೇವೆ. ರಾತ್ರಿ ಊಟಕ್ಕೆ ಜಗಳವಿಲ್ಲದ ಮುಖಗಳು ಬರುವುದು ಈ ನಿದ್ದೆಯಿಂದ. ಅವತ್ತು ಟೂರ್‌ಗೆ ಹೋಗಿಬಂದ ಭಾವನ ಸಂಸಾರ ಸೂಪು ಬರುವ ಮೊದಲೇ ತೂಕಡಿಸುತ್ತಿತ್ತು. ಮನೆಯವರ ಅಭಿಪ್ರಾಯ ತಿರುಗಿದ್ದು ಆ ಟೇಬಲ್ಲಿನಲ್ಲೇ.

ಮಕ್ಕಳ ಕ್ಲಬ್ಬಿಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ಡೈಪರ್ ಹಾಕುವ ಮಗುವನ್ನು ಹೆಚ್ಚಿನ ಹಡಗುಗಳ ಈಜುಕೊಳಕ್ಕೂ ಬಿಡುವುದಿಲ್ಲ. ಅಷ್ಟು ಚಿಕ್ಕ ಮಗುವಿದ್ದರೆ ನನ್ನ ವಿಧಾನದ ಅರ್ಧ ಕೆಲಸಕ್ಕೆ ಬಾರದು, ಇನ್ನೊಂದೆರಡು ವರ್ಷ ತಡೆಯಿರಿ ಎನ್ನುತ್ತೇನೆ.

ಎಲ್ಲರೂ ಚದುರಿ ಓಡಾಡುವುದರಿಂದ ಸುರಕ್ಷತೆಯ ಡ್ರಿಲ್ಲನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2012ರ ಜನವರಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು ಒರಗಿತಲ್ಲ, ಅದು ಹೊರಟಿದ್ದು ಇದೇ ಚಿವಿತಾವೆಕ್ಕಿಯಾದಿಂದ. ಆ ಸಂಜೆ ಅಲ್ಲಿ ಹತ್ತಿದ ನೂರಾರು ಜನಕ್ಕೆ ಡ್ರಿಲ್ ಆಗಿರಲೇ ಇಲ್ಲ, ಆಗಿನ ನಿಯಮದಲ್ಲಿ 24 ಗಂಟೆಯ ಅವಕಾಶವಿತ್ತು. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆಗಬೇಕು. ಏಳು ಚಿಕ್ಕ ಸದ್ದು, ಒಂದು ಉದ್ದ ಸದ್ದು ಎಂದರೆ ಅಪಾಯದ ಕರೆ ಎಂದು ನಮ್ಮ ಚಿಕ್ಕವಳೂ ಹೇಳುತ್ತಾಳೆ. ಕ್ಲಬ್ಬಿನಲ್ಲಿರುವ ಮಗುವನ್ನು ಅಂಥ ಹೊತ್ತಲ್ಲಿ ಯಾರು, ಎಲ್ಲಿಗೆ ಕರೆತರುತ್ತಾರೆ ಎಂದು ಮೊದಲ ದಿನವೇ ಕೇಳಿ, ನಿಮ್ಮ ಮಸ್ಟರ್ ಸ್ಟೇಷನ್ನಿಗೆ (ಅಪಾಯದ ಹೊತ್ತಲ್ಲಿ ಸೇರಬೇಕಾದ ಜಾಗ) ಮಕ್ಕಳನ್ನು ನಡೆಸಿಕೊಂಡು ಹೋಗಿ ತೋರಿಸಿ. ದೊಡ್ಡವರಲ್ಲಿ ಒಬ್ಬರಾದರೂ ಹಡಗಿನಲ್ಲಿರದೆ ಮಕ್ಕಳನ್ನು ಕ್ಲಬ್ಬಿನಲ್ಲಿ ಬಿಟ್ಟು ನಾವು ಇಳಿಯುವುದಿಲ್ಲ.

ಸಂಪರ್ಕಕ್ಕೆ ಸಣ್ಣ ಪ್ರಯೋಗಗಳನ್ನೂ ಮಾಡಿದೆ. ವಾಕಿಟಾಕಿ ಕೊಂಡದ್ದು ದಂಡ, ಎರಡು ಡೆಕ್ಕಿನ ಉಕ್ಕು ಅಡ್ಡ ಬಂದರೆ ಬರೀ ಕರಕರ. ಆ್ಯಪಿನ ಚಾಟ್ ಪರವಾಗಿಲ್ಲ, ಆದರೆ ಮಾವ ಫೋನ್ ನೋಡುವವರಲ್ಲ. ಗೆದ್ದದ್ದು ಕ್ಯಾಬಿನ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಬಿಳಿ ಹಲಗೆ. ಗೋಡೆ, ಬಾಗಿಲುಗಳೆಲ್ಲ ಸಾಮಾನ್ಯವಾಗಿ ಉಕ್ಕಿನವೇ. "ಅತ್ತೆ: ಗ್ರಂಥಾಲಯ, 4ರವರೆಗೆ" ಎಂದು ಬರೆದಿಟ್ಟರೆ ಮುಗಿಯಿತು. ಹಾಗೆಯೇ ಆರೇಳು ಅಯಸ್ಕಾಂತದ ಕೊಕ್ಕೆ ಒಯ್ದರೆ ಒದ್ದೆ ಬಟ್ಟೆ, ಟೋಪಿ, ಚೀಲ ಎಲ್ಲ ಗೋಡೆಗೇ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್, ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ, ಹತ್ತುವಾಗಲೇ ಕಿತ್ತಿಟ್ಟುಕೊಳ್ಳುತ್ತಾರೆ.

ದುಡ್ಡಿನ ವಿಷಯ ಇನ್ನೂ ಮುಗಿದಿಲ್ಲ. ಟಿಪ್ಸ್ ಅನ್ನು ಟಿಕೆಟ್ಟಿನ ಜೊತೆಗೇ ಎಣಿಸಿ. ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು. ನಾಲ್ಕು ಜನ, ಏಳು ರಾತ್ರಿ ಅಂದರೆ ಐನೂರು ಡಾಲರ್ ಎಂದಿಟ್ಟುಕೊಳ್ಳಿ. ಪಾನೀಯದ ಪ್ಯಾಕೇಜನ್ನು ಹಲವು ಕಂಪನಿಗಳಲ್ಲಿ ಕ್ಯಾಬಿನ್ನಿನ ದೊಡ್ಡವರೆಲ್ಲ ಕೊಳ್ಳಬೇಕು, ಒಬ್ಬರಿಗೆ ಮಾತ್ರ ಕೊಡುವುದಿಲ್ಲ. ದಿನಕ್ಕೆ ಐದಾರು ಗ್ಲಾಸು ಕುಡಿಯದವರಿಗೆ ಅದು ಗಿಟ್ಟುವುದಿಲ್ಲ, ನಾವು ಬಿಟ್ಟೆವು. ಇಂಟರ್ನೆಟ್ಟು ಒಂದೇ ಸಾಧನಕ್ಕೆ ಕೊಂಡು ಸರದಿಯಲ್ಲಿ ಲಾಗಿನ್ ಆದೆವು. ಫೋನ್ ಹೊರಟ ದಿನದಿಂದಲೇ ಏರ್‌ಪ್ಲೇನ್ ಮೋಡ್, ಇಲ್ಲದಿದ್ದರೆ ಹಡಗಿನ ಮೊಬೈಲ್ ನೆಟ್‌ವರ್ಕ್ ತಾನಾಗಿ ಹಿಡಿದು ಬಿಲ್ ಏರಿಸುತ್ತದೆ. ಮಕ್ಕಳ ಕಾರ್ಡಿನಲ್ಲಿ ಖರ್ಚು ಮಾಡುವ ಸೌಲಭ್ಯವನ್ನು ಮೊದಲ ಸಂಜೆಯೇ ನಿಲ್ಲಿಸಿ. ವಿಡಿಯೋ ಗೇಮಿನ ಕೋಣೆಯಲ್ಲಿ ಕಾರ್ಡ್ ತೋರಿಸಿದರೆ ಸಾಕು, ಆಟ ಶುರು.

ಬಿಲ್ಲನ್ನು ಪ್ರತಿ ರಾತ್ರಿ ನೋಡಬೇಕು. ಒಂದು ಹಡಗಿನಲ್ಲಿ ನಾವು ಮುಟ್ಟದ ಮಿನಿಬಾರಿನ ಬಾಟಲಿಗಳು ಎರಡು ಸಲ ಬಿಲ್ಲಿಗೆ ಬಿದ್ದವು. ರಾತ್ರಿ ಹನ್ನೊಂದರ ನಂತರ ಕೌಂಟರಿಗೆ ಹೋದೆ, ಐದು ನಿಮಿಷದಲ್ಲಿ ತೆಗೆದರು. ಅದೇ ಕೌಂಟರಿನ ಮುಂದೆ ಕೊನೆಯ ಬೆಳಿಗ್ಗೆ ಉದ್ದದ ಸಾಲು, ಅರ್ಧ ಜನ ವಾದ ಬಿಟ್ಟು ಹೋಗುತ್ತಿದ್ದರು. ಇನ್ನೊಂದು ಉಳಿತಾಯ ಬುಕ್ ಮಾಡಿದ ಮೇಲಿನದು: ಪೂರ್ತಿ ಹಣ ಕಟ್ಟುವ ಗಡುವಿನ ತನಕ ದರ ನೋಡುತ್ತಿರಿ, ಇಳಿದರೆ ಏಜೆಂಟರಿಗೆ ಹೇಳಿ ಹೊಸ ದರಕ್ಕೆ ಬದಲಾಯಿಸಿಕೊಳ್ಳಿ. ಎಲ್ಲ ದರಪಟ್ಟಿಗೂ ಇದು ಅನ್ವಯಿಸದು, ಮರಳಿಸದ ಮುಂಗಡವಿದ್ದರೆ ಷರತ್ತು ಓದಿ. ನಮಗೆ ಎರಡು ಕ್ಯಾಬಿನ್ ಸೇರಿ ಹತ್ತರಲ್ಲಿ ಒಂದು ಭಾಗ ಇಳಿಯಿತು. ವಾರದ ಯಾವ ದಿನ ನೋಡುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಎಲ್ಲ ಕೂಡಿಸಿದರೆ ಟಿಕೆಟ್ಟು, ಟಿಪ್ಸು, ರೋಮ್ ಹೋಟೆಲ್ ಬಿಟ್ಟು ಹಡಗಿನಲ್ಲಿ ನಾವು ನಾಲ್ವರು ಖರ್ಚು ಮಾಡಿದ್ದು ಟಿಕೆಟ್ಟಿನ ಹತ್ತನೇ ಒಂದು ಭಾಗವೂ ಇಲ್ಲ. ಭಾವನದು ಮೂರನೇ ಒಂದರ ಹತ್ತಿರ. ಅವರು ಮುಂದಿನ ಸಲಕ್ಕೆ ಕಳಿಸಿದ ಪಟ್ಟಿಯಲ್ಲಿ ಏಡ್ರಿಯಾಟಿಕ್ ಸಮುದ್ರದ ತೀರದ ಕೋಟೋರ್, ಡುಬ್ರೋವ್ನಿಕ್ ಇವೆ. ಕೋಟೋರ್‌ನಲ್ಲಿ ಹಳೆಯ ಪೇಟೆಯ ಗೋಡೆ ಹಡಗುಕಟ್ಟೆಯ ಎದುರಿಗೇ ಇದೆ, ಅದಕ್ಕೆ ಇಳಿಯಿರಿ ಎಂದು ಬರೆದಿದ್ದೇನೆ. ಡುಬ್ರೋವ್ನಿಕ್‌ನ ಗ್ರೂಜ್ ಬಂದರಿನಿಂದ ಹಳೆಯ ಊರಿಗೆ ಸುಮಾರು ಮೂರು ಕಿಲೋಮೀಟರ್, ಮಕ್ಕಳಿಗೆ ನಡೆಯಲು ಜಾಸ್ತಿ, ಬಸ್ಸಿನಲ್ಲಾದರೆ ಹತ್ತಿರ. ಅದರ ಮುಂದೆ ಇನ್ನೂ ಗುರುತು ಹಾಕಿಲ್ಲ, ಅವತ್ತು ಬೇರೆಷ್ಟು ಹಡಗುಗಳು ಅಲ್ಲಿರುತ್ತವೆ ಎಂಬ ಪಟ್ಟಿ ನೋಡಿದ ಮೇಲೆ ಹೇಳುತ್ತೇನೆ ಅಂದಿದ್ದೇನೆ.