ಕಡ್ಡಿ ಎಣಿಸೋಕೆ ಹೋಗಿ ಇಂಟರಪ್ಟ್ ಮುಚ್ಚಿದ್ದು

ಮೈಸೂರಿನ ಮೇಟಗಳ್ಳಿಯ ಒಂದು ಊದುಬತ್ತಿ ಪ್ಯಾಕಿಂಗ್ ಘಟಕಕ್ಕೆ ಕಡ್ಡಿ ಎಣಿಸುವ ಯಂತ್ರ ಮಾಡಿಕೊಟ್ಟೆ. ಎಂಟು ಲೇನ್, ಎಂಟು ಆಪ್ಟಿಕಲ್ ಸೆನ್ಸರ್, ರಾಸ್‌ಬೆರಿ ಪೈ ಅನ್ನೋ ಒಂದು ಪುಟ್ಟ ಕಂಪ್ಯೂಟರ್. ಕಡ್ಡಿ ಬಿದ್ದರೆ ಒಂದು ಇಂಟರಪ್ಟ್ (ಮಾಡ್ತಿರೋ ಕೆಲಸ ಬಿಟ್ಟು ಇದನ್ನು ನೋಡು ಅಂತ ಪ್ರೊಸೆಸರ್‌ಗೆ ಹೋಗೋ ಸೂಚನೆ), ಒಂದು ಎಣಿಕೆ. ಇಷ್ಟೇ ತಾನೇ ಅಂದುಕೊಂಡಿದ್ದೆ.

ಮೊದಲ ದಿನವೇ 100 ಪ್ಯಾಕೆಟ್‌ಗೆ ಏಳೆಂಟು ತಪ್ಪು. ಕೆಲವದರಲ್ಲಿ 20ರ ಬದಲು 22, ಕೆಲವದರಲ್ಲಿ 18. "ಏನಪ್ಪಾ, ನಮ್ಮ ಹೆಂಗಸರು ಮಾತಾಡ್ಕೊಂಡೇ ಸರಿಯಾಗಿ ಎಣಿಸ್ತಾರೆ" ಅಂದರು ಮಾಲೀಕರು.

ಮೊದಲ ತಪ್ಪು ನನ್ನ ಜಿಪುಣತನ. ವೈರಿಂಗ್ ಉಳಿಸೋಕೆ ಎಂಸಿಪಿ 23017 ಎಕ್ಸ್‌ಪ್ಯಾಂಡರ್ ಹಾಕಿದ್ದೆ, ಹಲವು ಸೆನ್ಸರ್‌ಗಳನ್ನು ಕೆಲವೇ ತಂತಿಯಲ್ಲಿ ಪೈಗೆ ತಲುಪಿಸೋ ಚಿಪ್. ಮೊದಲ ಇಂಟರಪ್ಟ್ ಬಂದಾಗಿನ ಸ್ಥಿತಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ನಾವು ಓದುವವರೆಗೂ ಬದಲಾಯಿಸುವುದಿಲ್ಲ. ಆ ಚಿಪ್‌ಗೂ ಪೈಗೂ ನಡುವಿನ 100 ಕಿಲೋಹರ್ಟ್ಸ್ ಐ2ಸಿ ಸಂಪರ್ಕದಲ್ಲಿ ಒಂದು ಓದಿಗೆ ಅರ್ಧ ಮಿಲಿಸೆಕೆಂಡ್ ಹತ್ತಿರ. ಆ ಸಂದಿಯಲ್ಲಿ ಬಂದು ಹೋದದ್ದು ಹೋದಂತೆಯೇ. ಎರಡು ಸಲ ಬೋರ್ಡ್ ಮಾಡಿಸಿದ್ದು ದಂಡ, ಸುಮಾರು 14 ಸಾವಿರ.

ಸೆನ್ಸರ್‌ಗಳನ್ನು ನೇರ ಪೈನ ಜಿಪಿಐಒ ಪಿನ್‌ಗಳಿಗೆ ತಂದೆ. ಆಗಲೂ ತಪ್ಪು. ಎಲ್ಲಿ ತಪ್ಪುತ್ತಿದೆ ನೋಡೋಣ ಅಂತ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಕೋಡ್) ಒಳಗೆ ಪ್ರಿಂಟ್‌ಕೆ, ಅಂದರೆ ಲಿನಕ್ಸ್ ಕರ್ನಲ್‌ನಿಂದ ಮೆಸೇಜ್ ಬರೆಸೋ ಸಾಲು, ಹಾಕಿದೆ. 1,15,200 ಬಾಡ್ ಸೀರಿಯಲ್ ಕನ್ಸೋಲ್‌ನಲ್ಲಿ 60 ಅಕ್ಷರದ ಸಾಲಿಗೆ ಐದು ಮಿಲಿಸೆಕೆಂಡ್ ಬೇಕು. ಒಂದು ಕಡ್ಡಿ ಸೆನ್ಸರ್ ದಾಟೋದು ಎರಡರಲ್ಲಿ. ಕಳ್ಳನನ್ನು ಹಿಡಿಯೋಕೆ ಹೋಗಿ ನಾನೇ ಬಾಗಿಲು ತೆಗೆದಿಟ್ಟಿದ್ದೆ.

ನಿಜವಾದ ಕಾಟ ಕಡ್ಡಿಗೆ ಹಚ್ಚಿದ ಮಸಾಲೆಯ ಪುಡಿಯದು. ಸೆನ್ಸರ್ ಮೇಲೆ ಪುಡಿ ಕೂತರೆ ಒಂದು ಕಡ್ಡಿಗೆ ಹತ್ತಾರು ಎಡ್ಜ್ (ಸಿಗ್ನಲ್‌ನ ಏರಿಳಿತ), ಒಂದರ ಬೆನ್ನಿಗೆ ಒಂದು. ಸಣ್ಣಪುಟ್ಟ ಏರಿಳಿತ ನುಂಗುವ ಶ್ಮಿಟ್ ಟ್ರಿಗರ್ ಹಾಕಬೇಕಿತ್ತು ಅಂತೀರಿ. ಹಾಕಿದ್ದೆ. ಕಡಿಮೆಯಾಯಿತು, ನಿಲ್ಲಲಿಲ್ಲ. ಎಡ್ಜ್ ಬಂತು ಅಂತ ಗುರುತಿಡುವ ಸ್ಟೇಟಸ್ ರಿಜಿಸ್ಟರ್‌ನಲ್ಲಿ ಪಿನ್‌ಗೆ ಒಂದೇ ಬಿಟ್. ನಾವು ಅಳಿಸುವ ಮೊದಲು ಎರಡು ಎಡ್ಜ್ ಬಂದರೂ, ಇಪ್ಪತ್ತು ಬಂದರೂ ಅದಕ್ಕೆ ಒಂದೇ.

ಆಗ ಹೊಳೆದದ್ದು: ಮೊದಲ ಎಡ್ಜ್ ಬಂದ ಕೂಡಲೇ ಎಂಟೂ ಇಂಟರಪ್ಟ್ ಮುಚ್ಚಿಬಿಡೋಣ. ಹೈ ರೆಸಲ್ಯೂಶನ್ ಟೈಮರ್ ಹಚ್ಚಿ 100 ಮೈಕ್ರೋಸೆಕೆಂಡ್‌ಗೊಮ್ಮೆ ಪಿನ್ ಓದೋಣ. ಎಂಟೂ ಒಂದೇ ರಿಜಿಸ್ಟರ್‌ನಲ್ಲಿವೆ, ಒಂದು ಓದು ಸಾಕು. ಕಡ್ಡಿಗೆ ಇಪ್ಪತ್ತು ಸಲ ನೋಡಿದಂತಾಯಿತು. ಎಲ್ಲ ಲೇನೂ ಸ್ವಲ್ಪ ಹೊತ್ತು ಸುಮ್ಮನಾದ ಮೇಲೆ ಮತ್ತೆ ತೆರೆಯೋದು. "ಎಣಿಸೋ ಹೊತ್ತಲ್ಲೇ ಕಣ್ಣು ಮುಚ್ಕೋತೀಯಾ?" ಅಂತ ಬೆಂಗಳೂರಿನ ಗೆಳೆಯ ನಕ್ಕ. ನೆಟ್‌ವರ್ಕ್ ಕಾರ್ಡ್‌ಗೆ ಲಿನಕ್ಸ್‌ನ ನ್ಯಾಪಿ ವ್ಯವಸ್ಥೆ ಮಾಡೋದೂ ಇದನ್ನೇ ಅಲ್ವಾ? ಅದಕ್ಕೆ ಯಾರೂ ನಗಲ್ಲ.

ಮೊದಲ ಸಲ ಹ್ಯಾಂಡ್ಲರ್ ಒಳಗೆ ಇಂಟರಪ್ಟ್ ಮುಚ್ಚುವ ಡಿಸೇಬಲ್ ಐಆರ್‌ಕ್ಯೂ ಫಂಕ್ಷನ್ ಕರೆದೆ. ಬೋರ್ಡ್ ಕಲ್ಲಾಯಿತು. ಹ್ಯಾಂಡ್ಲರ್ ಮುಗಿಯಲಿ ಅಂತ ಅದು ಕಾಯುತ್ತದೆ, ಹ್ಯಾಂಡ್ಲರ್ ಅದಕ್ಕಾಗಿ ಕಾಯುತ್ತದೆ. ಕಾಯದೆ ಮುಚ್ಚುವ, ಹೆಸರಲ್ಲಿ ನೋಸಿಂಕ್ ಇರುವುದನ್ನೇ ಹಾಕಬೇಕು. ಗೊತ್ತಿದ್ದೂ ಮರೆತಿದ್ದೆ, ಒಂದು ಭಾನುವಾರ ಹೋಯಿತು.

ಇನ್ನೊಂದು ಸಂದಿ ತೆರೆಯುವಾಗ. ಕೊನೆಯ ಓದಿಗೂ ತೆರೆಯುವುದಕ್ಕೂ ನಡುವೆ ಕಡ್ಡಿ ನುಸುಳಿದರೆ ಲೆಕ್ಕಕ್ಕಿಲ್ಲ. ಅದಕ್ಕೆ ಮೊದಲು ತೆರೆದು, ಆಮೇಲೆ ಇನ್ನೊಮ್ಮೆ ಓದುತ್ತೇನೆ. ಪಿನ್ ಎದ್ದಿದ್ದರೆ ಮತ್ತೆ ಮುಚ್ಚಿ ಪಿನ್ ಓದುವ ಲೂಪ್‌ಗೆ ವಾಪಸ್. ನನ್ನ ಇಡೀ ಡ್ರೈವರ್‌ನಲ್ಲಿ ಬೆಲೆ ಬಾಳೋದು ಈ ನಾಲ್ಕು ಸಾಲು.

ಎರಡು ಕಡ್ಡಿ ಅಂಟಿಕೊಂಡು ಬಿದ್ದರೂ ಈಗ ಎರಡೇ ಅನ್ನುತ್ತದೆ. ಅದು ಹೇಗೆ ಅಂತ ಇಲ್ಲಿ ಬರೆಯಲ್ಲ. ಹೊಟ್ಟೆಪಾಡು.

ಈಗ ಸಾವಿರ ಪ್ಯಾಕೆಟ್‌ಗೆ ಒಂದೋ ಎರಡೋ ತಪ್ಪು. ಒಟ್ಟು ಖರ್ಚು 30 ಸಾವಿರದ ಒಳಗೆ, ದಂಡವೂ ಸೇರಿ. ಪಿಎಲ್‌ಸಿ (ಕಾರ್ಖಾನೆ ಯಂತ್ರ ನಿಯಂತ್ರಿಸೋ ಸಿದ್ಧ ಕಂಪ್ಯೂಟರ್) ಹಾಕಿಕೊಡೋರು ಕೇಳಿದ್ದು 65 ಸಾವಿರ. ಮಾಲೀಕರು ಇನ್ನೊಂದು ಯಂತ್ರ ಬೇಕು ಅಂದಿದ್ದಾರೆ. ಮೊದಲನೆಯದರ ಬಾಕಿ ಎಂಟು ಸಾವಿರ ಇನ್ನೂ ಬಂದಿಲ್ಲ.