ಪಠ್ಯವನ್ನು ವೆಬ್ ವಿಳಾಸಕ್ಕೆ ಸೇರಿಸುವ ಮುನ್ನ ಎನ್‌ಕೋಡ್ ಮಾಡುವುದು ಹೇಗೆ?

ದಿನಸಿ ಆ್ಯಪ್ ಒಂದರ ಹುಡುಕಾಟದ ಪೆಟ್ಟಿಗೆಯಲ್ಲಿ ಬಳಕೆದಾರರು ‘ಬೆಲ್ಲ & ಕಾಯಿ’ ಎಂದು ಟೈಪ್ ಮಾಡುತ್ತಾರೆ ಎಂದುಕೊಳ್ಳಿ. ಆ ಪಠ್ಯವನ್ನು ಪ್ರೋಗ್ರಾಂ ಹಾಗೆಯೇ ವಿಳಾಸದ ಕೊನೆಗೆ ಅಂಟಿಸಿದರೆ ಸರ್ವರ್ ಹುಡುಕುವುದು ಬರೀ ಬೆಲ್ಲವನ್ನು. ವಿಳಾಸದಲ್ಲಿ & ಬಂದರೆ ಒಂದು ಪ್ಯಾರಾಮೀಟರ್ (ಸರ್ವರ್‌ಗೆ ಕಳಿಸುವ ಹೆಸರು-ಮೌಲ್ಯದ ಜೋಡಿ) ಮುಗಿದು ಇನ್ನೊಂದು ಶುರುವಾಯಿತು ಎಂದು ಅರ್ಥವಾದ್ದರಿಂದ, ಕಾಯಿ ಬೇರೊಂದು ಪ್ಯಾರಾಮೀಟರಿನ ಹೆಸರಾಗಿಬಿಡುತ್ತದೆ. ಇಂಥ ಚಿಹ್ನೆಗಳನ್ನು ವಿಳಾಸದಲ್ಲಿ ಗೊಂದಲವಾಗದ ಸಂಕೇತಗಳಾಗಿ ಬದಲಿಸುವುದೇ ಎನ್‌ಕೋಡ್ ಮಾಡುವುದು.

ವೆಬ್ ವಿಳಾಸಗಳ ರಚನೆಯ ನಿಯಮಗಳನ್ನು ಹೇಳುವ, 2005ರಲ್ಲಿ ಬಂದ ಆರ್‌ಎಫ್‌ಸಿ 3986 ಎಂಬ ದಾಖಲೆಯ ಪ್ರಕಾರ ಇಂಗ್ಲಿಷ್ ಅಕ್ಷರಗಳು, ಅಂಕಿಗಳು ಹಾಗೂ - . _ ~ ಎಂಬ ನಾಲ್ಕು ಚಿಹ್ನೆಗಳನ್ನು ಎನ್‌ಕೋಡ್ ಮಾಡಬೇಕಾಗಿಲ್ಲ. ಬಳಕೆದಾರರು ಕೊಟ್ಟ ಪಠ್ಯದಲ್ಲಿ ಉಳಿದದ್ದನ್ನೆಲ್ಲ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಬೈಟ್‌ಗಳನ್ನಾಗಿ ಒಡೆದು, ಪ್ರತಿ ಬೈಟಿಗೂ % ಚಿಹ್ನೆಯ ಜೊತೆಗೆ ಹೆಕ್ಸಾಡೆಸಿಮಲ್ (0-9 ಮತ್ತು A-F ಬಳಸುವ, 16ರ ಆಧಾರದ) ಪದ್ಧತಿಯ ಎರಡು ಸ್ಥಾನಗಳನ್ನು ಬರೆಯುವುದು ಕ್ಷೇಮ: ಖಾಲಿ ಜಾಗಕ್ಕೆ %20, & ಚಿಹ್ನೆಗೆ %26. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ 3 ಬೈಟ್ ಹಿಡಿಯುತ್ತದೆ. ‘ಹಾಸನ’ ಎಂಬಲ್ಲಿ ದೀರ್ಘವೂ ಸೇರಿ 4 ಸಂಕೇತಗಳಿರುವುದರಿಂದ, ಲಾಗ್‌ನಲ್ಲಿ (ಪ್ರೋಗ್ರಾಂ ಬರೆದಿಡುವ ದಾಖಲೆಯಲ್ಲಿ) ಅದು 36 ಚಿಹ್ನೆಗಳ ಸಾಲಾಗಿ ಕಂಡರೆ ಗಾಬರಿಪಡಬೇಕಿಲ್ಲ.

ಎನ್‌ಕೋಡ್ ಮಾಡಬೇಕಾದದ್ದು ಒಂದೊಂದು ಮೌಲ್ಯವನ್ನು ಪ್ರತ್ಯೇಕವಾಗಿ, ವಿಳಾಸಕ್ಕೆ ಸೇರಿಸುವ ಹೊತ್ತಿನಲ್ಲಿ. ಇಡೀ ವಿಳಾಸವನ್ನು ಒಟ್ಟಿಗೆ ಎನ್‌ಕೋಡ್ ಮಾಡಿದರೆ ವಿಳಾಸದ ಭಾಗಗಳನ್ನು ಬೇರ್ಪಡಿಸುವ / ಮತ್ತು ? ಚಿಹ್ನೆಗಳೂ ಬದಲಾಗಿ ವಿಳಾಸವೇ ಕೆಡುತ್ತದೆ. ಆಂಡ್ರಾಯ್ಡ್‌ನಲ್ಲಿ ಯುಆರ್‌ಐ ಬಿಲ್ಡರ್‌ನ ‘ಅಪೆಂಡ್ ಕ್ವೆರಿ ಪ್ಯಾರಾಮೀಟರ್’ ಈ ಕೆಲಸವನ್ನು ಸರಿಯಾಗಿ ಮಾಡುತ್ತದೆ. ಜಾವಾದ ‘ಯುಆರ್‌ಎಲ್ ಎನ್‌ಕೋಡರ್’ ಹೆಸರು ನೋಡಿ ಮೋಸಹೋಗಬಾರದು: ಅದು ಇರುವುದು ವೆಬ್ ಫಾರ್ಮ್‌ಗಳಿಗಾಗಿ, ಖಾಲಿ ಜಾಗಕ್ಕೆ ಅದು + ಬರೆಯುತ್ತದೆ, ವಿಳಾಸದಲ್ಲಿ ? ಚಿಹ್ನೆಗೆ ಮುಂಚಿನ ಪಾತ್ ಭಾಗದಲ್ಲಿ ಆ + ಬರೀ ಕೂಡಿಸುವ ಚಿಹ್ನೆಯಾಗಿಯೇ ಉಳಿಯುತ್ತದೆ.

ಐಫೋನ್‌ನಲ್ಲಿ ತೊಡಕು ಇದರ ತಿರುವುಮುರುವು. ಸ್ವಿಫ್ಟ್‌ನ ‘ಯುಆರ್‌ಎಲ್ ಕಾಂಪೊನೆಂಟ್ಸ್’ಗೆ ‘ಕ್ವೆರಿ ಐಟಮ್ಸ್’ ಮೂಲಕ ಮೌಲ್ಯ ಕೊಟ್ಟರೆ & ಸರಿಯಾಗಿ %26 ಆಗುತ್ತದೆ, ಆದರೆ + ಇದ್ದ ಹಾಗೆಯೇ ಉಳಿಯುತ್ತದೆ. ಮೊಬೈಲ್ ಸಂಖ್ಯೆಯ ಮುಂದಿನ +91 ಅನ್ನು ಹೀಗೆ ಕಳಿಸಿದರೆ, ಅನೇಕ ಸರ್ವರ್‌ಗಳು + ಅನ್ನು ಖಾಲಿ ಜಾಗವೆಂದು ಓದಿ ಸಂಖ್ಯೆ ತಪ್ಪೆಂದು ಮರಳಿಸುತ್ತವೆ. ಆದ್ದರಿಂದ ‘ಪರ್ಸೆಂಟ್ ಎನ್‌ಕೋಡೆಡ್ ಕ್ವೆರಿ’ಯನ್ನು (? ಚಿಹ್ನೆಯ ನಂತರದ, ಎನ್‌ಕೋಡ್ ಆದ ಭಾಗವನ್ನು) ತೆಗೆದುಕೊಂಡು, ಅದರಲ್ಲಿ ಉಳಿದಿರುವ + ಚಿಹ್ನೆಗಳನ್ನು ನಾವೇ %2B ಎಂದು ಬದಲಿಸಿ ಮತ್ತೆ ಅಲ್ಲಿಯೇ ಇಡಬೇಕು.

ಲಾಗ್‌ನಲ್ಲಿ %2520 ಕಂಡಿತೆಂದರೆ, ಒಮ್ಮೆ %20 ಆಗಿದ್ದ ಖಾಲಿ ಜಾಗದ % ಚಿಹ್ನೆಯೇ ಮತ್ತೊಮ್ಮೆ %25 ಆಗಿದೆ. ನಮ್ಮ ಪ್ರೋಗ್ರಾಂ ಎನ್‌ಕೋಡ್ ಮಾಡಿ ಕೊಟ್ಟದ್ದನ್ನು ನೆಟ್‌ವರ್ಕ್ ಲೈಬ್ರರಿ ಪುನಃ ಎನ್‌ಕೋಡ್ ಮಾಡಿರುತ್ತದೆ. ಆಗ ತೆಗೆದುಹಾಕಬೇಕಾದದ್ದು ನಮ್ಮ ಎನ್‌ಕೋಡಿಂಗನ್ನು.