ಮಂಗಳೂರಿನ ಹಳೇ ಸ್ಮಶಾನಗಳನ್ನು ನಡೆದು ನೋಡುವುದು ಹೇಗೆ

ಒಂದು ಬೆಳಿಗ್ಗೆಗೆ ಎರಡು ಸ್ಮಶಾನ ಸಾಕು. ನಾಲ್ಕೈದು ಕಡೆ ಓಡಿದರೆ ಬರೀ ಫೋಟೊ ಸಿಗುತ್ತದೆ, ಒಂದು ಹೆಸರೂ ನೆನಪಲ್ಲಿ ಉಳಿಯುವುದಿಲ್ಲ. ಊರಿಗೆ ಬಂದ ಗೆಳೆಯರನ್ನು ನಾನು ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚಿನಿಂದ ಅತ್ತಾವರದ ಬಾಬುಗುಡ್ಡೆಗೆ ಕರೆದುಕೊಂಡು ಹೋಗುತ್ತೇನೆ. ಆರಾಮವಾಗಿ ನಡೆಯಬಹುದಾದ ದೂರ.

ಮಳೆಗಾಲದಲ್ಲಿ ಬೇಡ. ಇಲ್ಲಿನ ಕೆಂಪು ಮುರಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಹುಲ್ಲು ಮೊಣಕಾಲಿನವರೆಗೆ ಬೆಳೆದಿರುತ್ತದೆ, ಹಾವಿನ ಭಯ ಬೇರೆ. ನವೆಂಬರ್ ಶುರುವಾದ ಮೇಲೆ ಹೋಗಿ. ನವೆಂಬರ್ 2 ಕೆಥೋಲಿಕರು ತೀರಿಹೋದವರನ್ನು ನೆನೆಯುವ ದಿನ, ಅದಕ್ಕಾಗಿ ಸಮಾಧಿ ತೊಳೆದು ಹೂ ಇಟ್ಟು ಮೇಣದಬತ್ತಿ ಹಚ್ಚುತ್ತಾರೆ. ಆ ದಿನ ಮಾತ್ರ ಹೋಗಬೇಡಿ, ಅದು ಮನೆಯವರ ದಿನ. ಎರಡು ದಿನ ಬಿಟ್ಟು ಹೋದರೆ ಕಲ್ಲುಗಳೆಲ್ಲ ಸ್ವಚ್ಛವಾಗಿರುತ್ತವೆ, ಅಕ್ಷರ ಚೆನ್ನಾಗಿ ಕಾಣುತ್ತದೆ.

ಮೊದಲು ಚರ್ಚ್ ಕಚೇರಿಗೆ ಹೋಗಿ ಕೇಳಿ. ಹಳೇ ಸಮಾಧಿಗಳನ್ನು ನೋಡಬೇಕಿತ್ತು, ಫೋಟೊ ತೆಗೆಯಬಹುದಾ ಎಂದು ನೇರವಾಗಿ ಕೇಳಿದರೆ ಸಾಕು. ಅವತ್ತು ಯಾರದ್ದಾದರೂ ಅಂತ್ಯಕ್ರಿಯೆ ಇದೆಯಾ ಎಂದೂ ವಿಚಾರಿಸಿ. ಒಮ್ಮೆ ನಾವು ಒಳಗಿದ್ದಾಗಲೇ ಶವ ತಂದರು. ಫೋನ್ ಜೇಬಿಗೆ ಹಾಕಿ ಗೋಡೆ ಬದಿಗೆ ಸರಿದು ನಿಂತೆವು, ಎಲ್ಲ ಮುಗಿಯುವವರೆಗೆ ಅಲುಗಲಿಲ್ಲ. ನೀವೂ ಹಾಗೇ ಮಾಡಿ. ಹೊಸ ಸಮಾಧಿಗಳ ಫೋಟೊ ಅಂತೂ ಬೇಡವೇ ಬೇಡ.

ಮಿಲಾಗ್ರಿಸ್‌ನಲ್ಲಿ ಈಗ ಸ್ಮಶಾನ ಇರುವ ಜಾಗದಲ್ಲೇ 1680ರ ಮೊದಲ ಚರ್ಚ್ ಇತ್ತು. ಅದನ್ನು ಕಟ್ಟಿಸಿದ್ದು ಗೋವಾ ಕಡೆಯ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ. 1684ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಇಲ್ಲೇ ಇದೆ, ಅದರಿಂದ ಶುರು ಮಾಡಿ. ಆ ಚರ್ಚನ್ನು 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಕೆಡವಿದರು, ಕರಾವಳಿಯ ಕೆಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅಷ್ಟು ಹಳೇ ಕಲ್ಲುಗಳನ್ನು ಜಾಸ್ತಿ ನಿರೀಕ್ಷಿಸಬೇಡಿ. ಇನ್ನೊಂದು ಕಾರಣವೂ ಇದೆ: ಜಾಗ ಕಡಿಮೆ ಇರುವ ಸ್ಮಶಾನಗಳಲ್ಲಿ ಕೆಲವು ವರ್ಷಗಳ ನಂತರ ಅದೇ ಗುಂಡಿಯನ್ನು ಮತ್ತೆ ಬಳಸುತ್ತಾರೆ.

ಕಲ್ಲು ಓದುವುದಕ್ಕೆ ಬೆಳಿಗ್ಗೆಯ ಓರೆ ಬಿಸಿಲು ಬೇಕು. ಮಧ್ಯಾಹ್ನ ನೆತ್ತಿ ಮೇಲೆ ಸೂರ್ಯ ಬಂದರೆ ಸವೆದ ಅಕ್ಷರ ಕಾಣುವುದೇ ಇಲ್ಲ. ನೆರಳಲ್ಲಿರುವ ಕಲ್ಲಿಗೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಅಕ್ಷರದ ಗುಣಿಯಲ್ಲಿ ನೆರಳು ಬಿದ್ದು ಹೆಸರು ಎದ್ದು ಬರುತ್ತದೆ. ಸೀಮೆಸುಣ್ಣ ಉಜ್ಜುವುದು, ತಂತಿ ಬ್ರಶ್ಶಿನಿಂದ ಪಾಚಿ ಕೆರೆಯುವುದು ಖಂಡಿತ ಬೇಡ. ಮುರಕಲ್ಲು, ಗಾರೆ ಎರಡೂ ಮೆತ್ತಗೆ, ಪಾಚಿ ಜೊತೆಗೆ ಅಕ್ಷರವೂ ಉದುರಿ ಹೋಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದದ್ದು ಓದಿ ಅರ್ಥವಾಗದಿದ್ದರೆ ಅದು ಕೊಂಕಣಿ ಇರಬಹುದು. ಅಲ್ಲೇ ಇರುವವರನ್ನು ಕೇಳಿ, ಪ್ರೀತಿಯಿಂದ ಹೇಳುತ್ತಾರೆ.

ಅಲ್ಲಿಂದ ರೈಲ್ವೆ ಸ್ಟೇಶನ್ ಕಡೆಯಾಗಿ ಬಾಬುಗುಡ್ಡೆಗೆ. ಇಲ್ಲಿ ಬ್ರಹ್ಮ ಸಮಾಜದ ಸ್ಮಶಾನದಲ್ಲಿ ಕುದ್ಮುಲ್ ರಂಗರಾಯರ ಸಮಾಧಿ ಇದೆ. ಈ ನಡಿಗೆ ಇರುವುದೇ ಇದಕ್ಕಾಗಿ ಅಂತ ನನಗೆ ಅನಿಸುತ್ತದೆ. 1892ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದ ವಕೀಲರು ಅವರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು, ಅವರು ಬಿಡಲಿಲ್ಲ. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಅಂತ್ಯಕ್ರಿಯೆಯನ್ನು ಊರು ಶುಚಿ ಮಾಡುವ ತೋಟಿಗಳೇ ಮಾಡಬೇಕು ಎಂದು ಮೊದಲೇ ಹೇಳಿಟ್ಟಿದ್ದರು. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಕೆಲಸಕ್ಕೆ ಸೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಿದರೆ ಬಾಳು ಸಾರ್ಥಕ ಎಂಬುದು ಅವರ ಆಸೆ. ಗುಂಪಿನಲ್ಲಿ ಮಕ್ಕಳಿದ್ದರೆ ಇದನ್ನು ಅವರಿಗೆ ಇಲ್ಲೇ, ಸಮಾಧಿ ಎದುರಿಗೇ ಹೇಳಿ. ಇವರ ಮಗಳು ರಾಧಾಬಾಯಿ 1930ರ ದುಂಡುಮೇಜಿನ ಸಭೆಗೆ ಲಂಡನ್‌ಗೆ ಹೋಗಿದ್ದರು, ಮೊಮ್ಮಗ ಜನರಲ್ ಕುಮಾರಮಂಗಲಂ ಭಾರತದ ಸೇನಾ ಮುಖ್ಯಸ್ಥರಾದರು. ಜನವರಿ 30ಕ್ಕೆ ಹೊಂದಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ ಮೋಗ್ಲಿಂಗ್, ಕನ್ನಡ ನಿಘಂಟಿನ ಕಿಟ್ಟೆಲ್ ಇವರ ಸಮಾಧಿ ಎಲ್ಲಿ ಎಂದು ತುಂಬಾ ಜನ ಕೇಳುತ್ತಾರೆ. ಇಲ್ಲಿ ಹುಡುಕಬೇಡಿ, ಇಬ್ಬರೂ ತೀರಿಕೊಂಡದ್ದು ಜರ್ಮನಿಯಲ್ಲಿ. ಅವರ ನೆನಪಿಗೆ ಇನ್ನೊಂದು ದಿನ, ಅವರ ಬಾಸೆಲ್ ಮಿಷನ್ ನೆಲೆಸಿದ್ದ ಬಲ್ಮಠಕ್ಕೆ ಹೋಗಿ.

ನೀರಿನ ಬಾಟಲಿ, ಟೊಪ್ಪಿ, ಮುಚ್ಚಿದ ಚಪ್ಪಲಿ ಅಥವಾ ಶೂ, ಹೆಸರು ಬರೆದುಕೊಳ್ಳಲು ಸಣ್ಣ ಪುಸ್ತಕ ಇರಲಿ. ಸಮಾಧಿ ಮೇಲೆ ಕೂರಬೇಡಿ, ಚೀಲ ಕೂಡ ಇಡಬೇಡಿ. ಹೊರಗೆ ಬರುವಾಗ ಗೇಟಿನ ಚಿಲಕ ಹಾಕಿ, ಇಲ್ಲದಿದ್ದರೆ ದನಗಳು ಒಳಗೆ ನುಗ್ಗುತ್ತವೆ.